ಗೋಣಿ ಚೀಲದ ಮೇಲಿನ ದಪ್ಪಕ್ಷರ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಮುಂದೆ ಲಾರಿ ನಿಂತಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಚೀಲದ ಮೇಲಿನ ಬರಹಕ್ಕೆ. ತಗಡಿನಲ್ಲಿ ಅಕ್ಷರ ಕೊರೆದು, ಅದನ್ನು ಗೋಣಿ ಚೀಲದ ಮೇಲಿಟ್ಟು, ಕಪ್ಪು ಬಣ್ಣ ಒತ್ತಿರುತ್ತಾರೆ. ರಫ್ತಾಗುವ ಕಾಫಿಯಾದರೆ ದೇಶದ ಸಂಖ್ಯೆ, ರಫ್ತುದಾರರ ಸಂಖ್ಯೆ, ಲಾಟ್ ಸಂಖ್ಯೆ ಇರುತ್ತದೆ. ಭಾರತದ್ದು 14. ಕೆಲವು ಚೀಲಗಳಲ್ಲಿ ಆ 14ರ ‘1’ ಅಂಕಿಯ ಬುಡಕ್ಕೆ ಒಂದು ಅಡ್ಡಪಟ್ಟಿ ಇರುತ್ತದೆ, ಮೇಲಿನ ಕಂಬದಷ್ಟೇ ದಪ್ಪ.

ಇಂಗ್ಲಿಷ್ ಅಕ್ಷರದ ತುದಿಯಲ್ಲಿ ಹೀಗೆ ಚಾಚಿಕೊಂಡ ಭಾಗಕ್ಕೆ ಸೆರಿಫ್ ಎನ್ನುತ್ತಾರೆ. ಅದು ಚಪ್ಪಡಿ ಕಲ್ಲಿನ ಹಾಗೆ ದಪ್ಪಗೆ, ಚಪ್ಪಟೆಯಾಗಿ ಇದ್ದರೆ ಸ್ಲ್ಯಾಬ್ ಸೆರಿಫ್. ಆ ಚಪ್ಪಡಿಗೆ ಏನು ಕೆಲಸ ಅಂತ ಗೋಣಿಯೇ ಹೇಳುತ್ತದೆ. ಗೋಣಿ ಎಂದರೆ ನಾರಿನ ಏರು, ತಗ್ಗು. ಬಣ್ಣ ಏರಿನ ಮೇಲೆ ಮಾತ್ರ ಕೂರುತ್ತದೆ, ತಗ್ಗಿಗೆ ಇಳಿಯುವುದಿಲ್ಲ. ಒಂದು ಎಳೆಯಷ್ಟು ತೆಳುವಾದ ಗೆರೆ ತಗ್ಗಿಗೆ ಬಿದ್ದರೆ ಕಾಣುವುದೇ ಇಲ್ಲ. ನಾಲ್ಕೈದು ಎಳೆ ದಾಟುವಷ್ಟು ದಪ್ಪವಿದ್ದರೆ ಅಲ್ಲಲ್ಲಿ ಬಣ್ಣ ಬಿಟ್ಟರೂ ಆಕಾರ ಉಳಿಯುತ್ತದೆ.

ಇನ್ನು ದೂರದ ಮಾತು. ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಚಾರ್ಟ್ ನೆನಪಿದೆ ಅಲ್ವಾ? ನೆದರ್ಲೆಂಡ್ಸ್‌ನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಅದನ್ನು ರೂಪಿಸಿದಾಗ ಆರಿಸಿಕೊಂಡದ್ದು ಇದೇ ಜಾತಿಯ ಅಕ್ಷರ. ಅಕ್ಷರದ ಎತ್ತರವನ್ನು ಐದು ಪಾಲು ಮಾಡಿ. ಗೆರೆಯ ದಪ್ಪ ಒಂದು ಪಾಲು, ಸೆರಿಫ್‌ನ ದಪ್ಪವೂ ಒಂದು ಪಾಲು. ಗೆರೆಗಳ ನಡುವಿನ ಖಾಲಿ ಜಾಗವೂ ಅಷ್ಟೇ. 6 ಮೀಟರ್ ದೂರದಿಂದ ಒಳ್ಳೆಯ ಕಣ್ಣು ಓದಬೇಕಾದ ಸಾಲಿನಲ್ಲಿ ಅಕ್ಷರದ ಎತ್ತರ ಸುಮಾರು 8.7 ಮಿಲಿಮೀಟರ್, ಗೆರೆಯ ದಪ್ಪ ಸುಮಾರು 1.75 ಮಿಲಿಮೀಟರ್. ಅದಕ್ಕಿಂತ ಸಣ್ಣದಾದರೆ ಕಪ್ಪು ಬಿಳಿ ಎರಡೂ ಕಲಸಿಕೊಳ್ಳುತ್ತವೆ. ದೂರ ಹತ್ತು ಪಟ್ಟಾದರೆ ಗೆರೆಯೂ ಹತ್ತು ಪಟ್ಟು ದಪ್ಪವಾಗಬೇಕು. ಮಳೆಗಾಲದ ಮಂಜಿನಲ್ಲಿ ತಿರುವು ದಾಟಿ ಬರುವ ಮೂಡಿಗೆರೆ ಬಸ್ಸಿನ ಬೋರ್ಡಿಗೆ ಇನ್ನೂ ಜಾಸ್ತಿ ಬೇಕು. ಈ ಲೆಕ್ಕದಲ್ಲಿ ಗೆರೆಯಷ್ಟೇ ಖಾಲಿ ಜಾಗಕ್ಕೂ ಬೆಲೆ ಇದೆ. ನನಗೆ ಬಹಳ ಇಷ್ಟವಾದ ಸಂಗತಿ ಅದು.

ಈ ಅಕ್ಷರಗಳು ಹುಟ್ಟಿದ್ದು ಲಂಡನ್ನಿನಲ್ಲಿ, 1810ರ ದಶಕದಲ್ಲಿ. ಅಚ್ಚಿನ ಮೊಳೆ ಎರಕ ಹೊಯ್ಯುತ್ತಿದ್ದ ವಿನ್ಸೆಂಟ್ ಫಿಗ್ಗಿನ್ಸ್ ಅವನ್ನು ಮೊದಲು ಮಾರಾಟಕ್ಕೆ ತಂದರು. ಆಗ ಬೀದಿಯ ಗೋಡೆಗಳಲ್ಲಿ ಲಾಟರಿ, ನಾಟಕ, ಹರಾಜಿನ ಪೋಸ್ಟರುಗಳ ಪೈಪೋಟಿ. ಪುಸ್ತಕದ ನವಿರು ಅಕ್ಷರ ಆ ಗದ್ದಲದಲ್ಲಿ ಕಾಣುತ್ತಿರಲಿಲ್ಲ. ದೊಡ್ಡ ಸೀಸದ ಮೊಳೆ ತುಂಬಾ ಭಾರ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರದ ಮೊಳೆಯನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡ ಮೇಲೆ ಪೋಸ್ಟರ್ ಅಕ್ಷರ ಅಗ್ಗವಾಯಿತು. ಮರದಲ್ಲಿ ಕೂದಲಿನಂಥ ಗೆರೆ ಬೇಗ ಮುರಿಯುತ್ತದೆ, ಚಪ್ಪಡಿ ನಿಲ್ಲುತ್ತದೆ.

1845ರಲ್ಲಿ ಲಂಡನ್ನಿನ ರಾಬರ್ಟ್ ಬೆಸ್ಲಿ ಕ್ಲಾರೆಂಡನ್ ಎಂಬ ಅಕ್ಷರ ತಂದರು. ಇದನ್ನು ಪೋಸ್ಟರಿಗೆಂದು ಮಾಡಿದ್ದಲ್ಲ. ಸಾದಾ ಅಕ್ಷರದ ಸಾಲಿನೊಳಗೆ ಒಂದು ಪದ ಮಾತ್ರ ಎದ್ದು ಕಾಣಲಿ ಎಂದು ಮಾಡಿದ್ದು. ಇವತ್ತು ನಿಘಂಟಿನಲ್ಲಿ ಪದ ದಪ್ಪಗೆ, ಅರ್ಥ ತೆಳ್ಳಗೆ ಇರುತ್ತದಲ್ಲ, ಆ ರೂಢಿಗೆ ದಾರಿ ಮಾಡಿಕೊಟ್ಟ ಅಕ್ಷರಗಳಲ್ಲಿ ಇದೂ ಒಂದು. ಬೆಸ್ಲಿಗೆ ಸಿಕ್ಕ ಕಾನೂನಿನ ರಕ್ಷಣೆ ಮೂರೇ ವರ್ಷ. ಅದು ಮುಗಿಯುತ್ತಲೇ ಬೇರೆಯವರು ನಕಲು ಇಳಿಸಿದರು.

ಕೋರ್ಟಿನ ಎದುರು ಅರ್ಜಿ ಟೈಪ್ ಮಾಡುವವರ ಯಂತ್ರದಲ್ಲೂ ಇದೇ ಚಪ್ಪಡಿ ಇದೆ. ಟೈಪ್‌ರೈಟರಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಜಾಗ. ಇಂಗ್ಲಿಷಿನ ‘ಐ’ ಬರೀ ಕಡ್ಡಿ. ಅದಕ್ಕೆ ಉದ್ದನೆಯ ಪಾದ ಕೊಟ್ಟು ಜಾಗ ತುಂಬಿಸುತ್ತಾರೆ.

ನಮ್ಮ ಕನ್ನಡಕ್ಕೆ ಇದನ್ನು ತರುವುದು ಹೇಗೆ? ನಮ್ಮ ಅಕ್ಷರಗಳ ಬುಡ ದುಂಡಗಿದೆ, ಅಲ್ಲಿ ಪಾದ ಅಂಟಿಸಿದರೆ ಅಸಹ್ಯವಾಗುತ್ತದೆ. ಚಪ್ಪಡಿಗೆ ನಮ್ಮಲ್ಲಿ ಸಹಜವಾದ ಜಾಗ ತಲೆಕಟ್ಟು. ಅದನ್ನು ದಪ್ಪಗೆ, ಚೌಕಾಗಿ ಮಾಡಬಹುದು. ಕಷ್ಟ ಇರುವುದು ಕೆಳಗೆ. ‘ಚಿಕ್ಕಮಗಳೂರು’ ಎಂದು ಬರೆದರೆ ಕ ಒತ್ತು ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗೆರೆ ಮೇಲಿನಷ್ಟೇ ದಪ್ಪವಾದರೆ ಒತ್ತಿನೊಳಗಿನ ಬಿಳಿ ಮುಚ್ಚಿಹೋಗುತ್ತದೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯಡಿಯ ಒಂದು ಪುಟ್ಟ ಗೆರೆ. ಹೊಟ್ಟೆ ದಪ್ಪವಾದಷ್ಟೂ ಅದು ಆ ಗೆರೆಯನ್ನು ನುಂಗುತ್ತದೆ.

ಇದನ್ನು ನೋಡೋಣ ಎಂದು ಹಳೇ ತಗಡಿನಲ್ಲಿ ‘ದನ’, ‘ಧನ’ ಎರಡನ್ನೂ ಕೊರೆದು ಖಾಲಿ ಗೋಣಿಯ ಮೇಲೆ ಒತ್ತಿದೆ. ಅಂಗಳದ ಆಚೆ ತುದಿಯಿಂದ ಎರಡೂ ‘ದನ’ ಎಂದೇ ಕಂಡವು. ಆ ಪುಟ್ಟ ಗೆರೆಯನ್ನು ಕೆಳಕ್ಕೆ ಉದ್ದ ಮಾಡಿ, ಮೇಲಿನ ಹೊಟ್ಟೆಯನ್ನು ಸ್ವಲ್ಪ ಸಣ್ಣ ಮಾಡಿ ಮತ್ತೆ ಕೊರೆದೆ. ಈ ಸಲ ‘ಧ’ ಅಲ್ಲಿಂದಲೂ ಕಂಡಿತು.