ಮೊದಲನೇ ಎಸ್ಟೇಟ್‌ನ ಪಾದ್ರಿಗಳು ಮೂರನೇ ಎಸ್ಟೇಟ್ ಜೊತೆ ಸೇರಿದ್ದು ಯಾಕೆ?

1789ರ ಕ್ರಾಂತಿಗೆ ಮುಂಚೆ ಫ್ರಾನ್ಸಿನ ಸಮಾಜ ಮೂರು ವರ್ಗಗಳಾಗಿತ್ತು: ಪಾದ್ರಿಗಳು, ಕುಲೀನರು, ಉಳಿದ ಜನಸಾಮಾನ್ಯರು. ಈ ವರ್ಗಗಳೇ ಎಸ್ಟೇಟ್‌ಗಳು. ಈ ಮೂರು ಎಸ್ಟೇಟ್‌ಗಳಲ್ಲಿ ಮೊದಲನೆಯದು ಕ್ಯಾಥೊಲಿಕ್ ಪಾದ್ರಿಗಳದು. ಜನಸಂಖ್ಯೆಯಲ್ಲಿ ಇವರು ಶೇ. 1ಕ್ಕಿಂತ ಕಡಿಮೆ. ಆದರೂ ಜಮೀನಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಚರ್ಚ್ ಕೈಯಲ್ಲಿತ್ತು. ರಾಜನಿಗೆ ಕೊಡುವ ನೇರ ತೆರಿಗೆಯಾದ ಟೈಲೆ ಕಟ್ಟಬೇಕಿರಲಿಲ್ಲ. ಅದರ ಬದಲು ಪಾದ್ರಿಗಳ ಸಭೆ 5 ವರ್ಷಕ್ಕೊಮ್ಮೆ ಸೇರಿ ರಾಜನಿಗೆ ಒಂದು ಕಾಣಿಕೆ ಗೊತ್ತುಮಾಡುತ್ತಿತ್ತು. ಹುಟ್ಟು, ಮದುವೆ, ಸಾವಿನ ದಾಖಲೆ ಬರೆಯುವವರೂ ಅವರೇ.

ಇಷ್ಟೆಲ್ಲ ಸವಲತ್ತು ಇದ್ದವರು 1789ರ ಜೂನ್‌ನಲ್ಲಿ ರಾಜ ಕರೆದ ಮೂರೂ ಎಸ್ಟೇಟ್‌ಗಳ ಪ್ರತಿನಿಧಿ ಸಭೆಯಲ್ಲಿ (ಎಸ್ಟೇಟ್ಸ್ ಜನರಲ್) ಮೂರನೇ ಎಸ್ಟೇಟ್ ಕಡೆ ಯಾಕೆ ಹೋದರು? ಉತ್ತರದ ದೊಡ್ಡ ಭಾಗ ದಶಾಂಶ ತೆರಿಗೆಯಲ್ಲಿದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ರೈತ ತನ್ನ ಬೆಳೆಯಲ್ಲಿ ಒಂದು ಪಾಲನ್ನು ದಶಾಂಶವಾಗಿ ಕೊಡಬೇಕಿತ್ತು. ಹೆಸರಿಗೆ ಹತ್ತನೇ ಒಂದು. ನಿಜದಲ್ಲಿ ಪ್ರಮಾಣ ಊರಿಂದ ಊರಿಗೆ ಬೇರೆ. ಅದು ಊರ ಪಾದ್ರಿಗೇ ಹೋಗುತ್ತದೆ ಅನ್ನಿಸುತ್ತೆ, ಅಲ್ವಾ? ಎಷ್ಟೋ ಊರುಗಳಲ್ಲಿ ಹಾಗಿರಲಿಲ್ಲ. ವಸೂಲಿ ಹಕ್ಕು ದೂರದ ಸನ್ಯಾಸಿ ಮಠದ್ದೋ ಬಿಷಪ್‌ನದ್ದೋ ಆಗಿತ್ತು. ಅವರು ಊರ ಪಾದ್ರಿಗೆ ಒಂದು ನಿಗದಿತ ಸಂಬಳ ಕೊಟ್ಟು ಉಳಿದಿದ್ದನ್ನು ಇಟ್ಟುಕೊಳ್ಳುತ್ತಿದ್ದರು. ಈ ಸಂಬಳ 1768ರಲ್ಲಿ ವರ್ಷಕ್ಕೆ 500 ಲಿವ್ರ್ (ಆಗಿನ ಫ್ರೆಂಚ್ ಹಣ), 1786ರಲ್ಲಿ 700 ಲಿವ್ರ್. ಸ್ಟ್ರಾಸ್‌ಬರ್ಗ್ ಬಿಷಪ್‌ನ ಆದಾಯ ವರ್ಷಕ್ಕೆ ಸುಮಾರು 4 ಲಕ್ಷ ಲಿವ್ರ್!

ಮುಖ್ಯ ಕೊಂಡಿ ಇಲ್ಲಿದೆ: ದಶಾಂಶ ಬರುವುದು ಧಾನ್ಯದಲ್ಲಿ, ಸಂಬಳ ಬರುವುದು ಹಣದಲ್ಲಿ. ಧಾನ್ಯದ ಬೆಲೆ ಏರಿದರೆ ಮಠಕ್ಕೆ ಲಾಭ. ಊರ ಪಾದ್ರಿ ಮಾತ್ರ ಅದೇ ಸಂಬಳದಲ್ಲಿ ಜಾಸ್ತಿ ಬೆಲೆಯ ರೊಟ್ಟಿ ಕೊಳ್ಳಬೇಕು. 1788ರ ಫಸಲು ಕೆಟ್ಟು ಬೆಲೆ ಏರಿದಾಗ ಅವನ ಕಷ್ಟ ಮಠಕ್ಕಿಂತ ರೈತನ ಕಷ್ಟಕ್ಕೇ ಹತ್ತಿರವಿತ್ತು. ಫ್ರೆಂಚ್ ಕ್ರಾಂತಿಯ ಅಧ್ಯಾಯದಲ್ಲಿ ಯಾರ ಬಗ್ಗೆ ಓದಿದರೂ 'ಇವರಿಗೆ ಧಾನ್ಯವೋ ಹಣವೋ?' ಅಂತ ಕೇಳಿಕೊಳ್ಳಿ. ಅರ್ಧ ಗೊಂದಲ ಹೋಗುತ್ತದೆ.

ಬಡ್ತಿಯ ದಾರಿಯೂ ಮುಚ್ಚಿತ್ತು. ಪೋಪ್ ಜೊತೆಗಿನ 1516ರ ಒಪ್ಪಂದದಿಂದ ಬಿಷಪ್‌ಗಳನ್ನು ಹೆಸರಿಸುವ ಹಕ್ಕು ರಾಜನದು. 1789ರ ಹೊತ್ತಿಗೆ ಬಹುತೇಕ ಎಲ್ಲ ಬಿಷಪ್‌ಗಳೂ ಕುಲೀನ ಮನೆತನದವರು.

1789ರ ಆ ಸಭೆಗೆ ನಡೆದ ಚುನಾವಣೆಯ ನಿಯಮ ಊರ ಪಾದ್ರಿಗಳಿಗೆ ನೇರ ಮತ ಕೊಟ್ಟಿತು. ಹಾಗಾಗಿ ಮೊದಲನೇ ಎಸ್ಟೇಟ್‌ನ ಸುಮಾರು 300 ಪ್ರತಿನಿಧಿಗಳಲ್ಲಿ 200ಕ್ಕೂ ಹೆಚ್ಚು ಮಂದಿ ಅವರೇ. ಜೂನ್ 13ರಂದು ಪ್ವಾತು ಪ್ರಾಂತ್ಯದ ಮೂವರು ಪಾದ್ರಿಗಳು ಮೊದಲು ಹೆಜ್ಜೆ ಇಟ್ಟರು. ಜೂನ್ 19ರಂದು ಕಡಿಮೆ ಅಂತರದ ಬಹುಮತ ಅದೇ ಕಡೆ ಬಂತು.

ಆದರೆ ಹಣವೊಂದೇ ಕಾರಣ ಅಂತ ಬರೆಯಬೇಡಿ. ಚರ್ಚನ್ನು ಸರ್ಕಾರದ ಅಧೀನಕ್ಕೆ ತಂದ 1790ರ ಕಾನೂನು ಊರ ಪಾದ್ರಿಯ ಸಂಬಳವನ್ನು ಕನಿಷ್ಠ 1,200 ಲಿವ್ರ್‌ಗೆ ಏರಿಸಿತು. ಆದರೂ ಅದಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಅಂದಾಗ ಅವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಒಪ್ಪಲಿಲ್ಲ.