ಅಕ್ಟೋಬರ್‌ಗೆ ಉಳಿಸುವುದೋ, ಅಕ್ಟೋಬರ್‌ನಿಂದ ಉಳಿಸುವುದೋ?

2025ರ ಅಕ್ಟೋಬರ್ 29ರ ರಾತ್ರಿ, ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂ. ನಮ್ಮಲ್ಲಿ ಆಗ 30ರ ಬೆಳಗ್ಗೆ, ಕಾಫಿ ಹೊತ್ತು. ಟೊರಾಂಟೊ ಬ್ಲೂ ಜೇಸ್ ಬೇಸ್‌ಬಾಲ್ ತಂಡದ ಪರ ಚೆಂಡು ಎಸೆಯುತ್ತಿದ್ದ ಟ್ರೇ ಯೆಸಾವೇಜ್‌ಗೆ 22 ವರ್ಷ. ಆ ವರ್ಷದ ಏಪ್ರಿಲ್‌ನಲ್ಲಿ ಆತ ಸಿಂಗಲ್-ಎ ಅನ್ನುವ ಕೆಳಗಿನ ದರ್ಜೆಯಲ್ಲಿದ್ದ. ದೊಡ್ಡ ಲೀಗ್‌ಗೆ ಕಾಲಿಟ್ಟಿದ್ದು ಸೆಪ್ಟೆಂಬರ್ 15ಕ್ಕೆ. ಬರೀ ಮೂರು ಪಂದ್ಯ ಆಡಿದ, ಆಮೇಲೆ ನೇರ ಪ್ಲೇಆಫ್, ಅಂದರೆ ಕಪ್‌ಗಾಗಿ ನಡೆಯುವ ನಾಕೌಟ್ ಸುತ್ತುಗಳು. ಆ ರಾತ್ರಿ ವರ್ಲ್ಡ್ ಸೀರೀಸ್‌ನ, ಅಂದರೆ ಫೈನಲ್ ಸರಣಿಯ, ಐದನೇ ಪಂದ್ಯದಲ್ಲಿ ಏಳು ಇನ್ನಿಂಗ್ಸ್, 104 ಎಸೆತ, 12 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್). ಒಂದೇ ಒಂದು ವಾಕ್, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಬಿಟ್ಟಿ ಸಿಗುವ ಬೇಸ್, ಇಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಹೊಸಬನೊಬ್ಬನ ಸ್ಟ್ರೈಕ್‌ಔಟ್ ದಾಖಲೆ 1949ರಿಂದ ಡಾನ್ ನ್ಯೂಕೋಂಬ್ ಹೆಸರಲ್ಲಿತ್ತು, 11. ಅದು ಮುರಿಯಿತು.

ಮೂರು ವಾರ ಮೊದಲು, ಅಕ್ಟೋಬರ್ 5ರಂದು, ಯಾಂಕೀಸ್ ವಿರುದ್ಧ ಇದೇ ಹುಡುಗನನ್ನು 78 ಎಸೆತಕ್ಕೇ ಹೊರಗೆ ಕರೆದಿದ್ದರು. ಆಗ ಆತ 11 ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದ, ಒಂದೇ ಒಂದು ಹಿಟ್ (ಬ್ಯಾಟರ್ ಹೊಡೆದು ಬೇಸ್ ಮುಟ್ಟುವುದು) ಕೂಡ ಕೊಟ್ಟಿರಲಿಲ್ಲ. ನಾನಂತೂ ಹಣೆ ಚಚ್ಚಿಕೊಂಡೆ. 78ಕ್ಕೆ ನಿಲ್ಲಿಸಿದ್ದು ಸರಿಯಾದರೆ 104ರವರೆಗೆ ಬಿಟ್ಟಿದ್ದು ಹೇಗೆ ಸರಿ? ಎರಡೂ ಸರಿ ಇರಬಹುದು. ಈ ವಿಷಯದ ತೊಡಕೇ ಅದು.

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಎರಡು ಮಾತು. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದು ಇನ್ನಿಂಗ್ಸ್‌ನಲ್ಲಿ ಒಂದು ತಂಡಕ್ಕೆ ಮೂರು ಔಟ್. ಪಂದ್ಯ ಶುರುಮಾಡುವ ಪಿಚರ್‌ನ ಸರದಿ ಐದು ದಿನಕ್ಕೊಮ್ಮೆ ಬರುತ್ತದೆ. ವಸಂತದಲ್ಲಿ ಶುರುವಾಗಿ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ 162 ಪಂದ್ಯ. ಆಮೇಲೆ ಅಕ್ಟೋಬರ್, ಅಂದರೆ ಪ್ಲೇಆಫ್. ಅಲ್ಲಿಗೆ ಬರುವಷ್ಟರಲ್ಲಿ ಒಳ್ಳೆಯ ಪಿಚರ್‌ನ ತೋಳು ಸುಮಾರು ಮೂರು ಸಾವಿರ ಎಸೆತ ಕಂಡಿರುತ್ತದೆ. ತಂಡಕ್ಕೆ ಆತ ತುಂಬಾ ಬೇಕಾಗುವುದೂ ಆಗಲೇ, ಆತ ತುಂಬಾ ದಣಿದಿರುವುದೂ ಆಗಲೇ.

ಕ್ರಿಕೆಟ್‌ನಲ್ಲಿ ಬೌಲರ್ ಮೊಣಕೈ ಮಡಚಿ ಎಸೆಯುವ ಹಾಗಿಲ್ಲ. ಹಾಗಾಗಿ ನಮ್ಮ ವೇಗಿಗಳಿಗೆ ಏಟು ಬೀಳುವುದು ಬೆನ್ನಿಗೆ. ಪಿಚರ್ ಮೊಣಕೈ ಮಡಚಿ, ಚಾಟಿ ಬೀಸಿದ ಹಾಗೆ ಎಸೆಯುತ್ತಾನೆ. ಅಷ್ಟೂ ಭಾರ ಮೊಣಕೈ ಒಳಬದಿಯ ಒಂದು ಸಣ್ಣ ಲಿಗಮೆಂಟ್ ಮೇಲೆ. ಅದು ಹರಿದರೆ 1974ರವರೆಗೆ ಕಥೆ ಮುಗಿದ ಹಾಗೆ. ಆ ವರ್ಷ ಡಾ. ಫ್ರಾಂಕ್ ಜೋಬ್, ಡಾಡ್ಜರ್ಸ್‌ನ ಎಡಗೈ ಪಿಚರ್ ಟಾಮಿ ಜಾನ್‌ನ ಬಲಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಹೊಲಿದರು. ಟಾಮಿ ಜಾನ್ 1976ರಲ್ಲಿ ವಾಪಸ್ ಬಂದು 1989ರವರೆಗೆ ಆಡಿದ. ಶಸ್ತ್ರಚಿಕಿತ್ಸೆಗೆ ಅವನದ್ದೇ ಹೆಸರು ಬಿತ್ತು.

ಅದಕ್ಕೆ ಮುಂಚೆ, ಆಮೇಲೂ ಎಷ್ಟೋ ಕಾಲ, ಲೆಕ್ಕ ಇಡುವವರೇ ಇರಲಿಲ್ಲ. 1981ರ ವರ್ಲ್ಡ್ ಸೀರೀಸ್‌ನಲ್ಲಿ 20 ವರ್ಷದ ಫರ್ನಾಂಡೊ ವ್ಯಾಲೆನ್ಸುವೆಲಾ ಒಂಬತ್ತು ಹಿಟ್, ಏಳು ವಾಕ್ ಕೊಟ್ಟೂ 147 ಎಸೆತ ಎಸೆದು ಪಂದ್ಯ ಮುಗಿಸಿದ. ಜನ ಅದನ್ನು ಗಂಡೆದೆ ಅಂದರು.

ಎಣಿಕೆ ಜೋರಾಗಿದ್ದು 2003ರ ನಂತರ. ಆ ವರ್ಷ ಶಿಕಾಗೊ ಕಬ್ಸ್‌ಗೆ ಇಬ್ಬರು ಹುಡುಗರಿದ್ದರು. ಕೆರಿ ವುಡ್ 1998ರಲ್ಲಿ, 20ನೇ ವಯಸ್ಸಿಗೆ, ಒಂದೇ ಪಂದ್ಯದಲ್ಲಿ 20 ಸ್ಟ್ರೈಕ್‌ಔಟ್ ಮಾಡಿ ಮುಂದಿನ ವರ್ಷವಿಡೀ ಶಸ್ತ್ರಚಿಕಿತ್ಸೆಯ ಕಾರಣ ಮನೆಯಲ್ಲಿ ಕೂತವನು. ಇನ್ನೊಬ್ಬ ಮಾರ್ಕ್ ಪ್ರಯರ್, ಆ ಸೆಪ್ಟೆಂಬರ್‌ಗೆ 23 ತುಂಬಿತ್ತು. ಲೀಗ್ ಹಂತದಲ್ಲೇ 211 ಇನ್ನಿಂಗ್ಸ್, 18 ಗೆಲುವು. ಅಕ್ಟೋಬರ್ 14ರಂದು ಎಂಟನೇ ಇನ್ನಿಂಗ್ಸ್‌ನಲ್ಲಿ ಕಬ್ಸ್ 3-0 ಮುಂದಿತ್ತು. ಇನ್ನೈದು ಔಟ್ ಸಿಕ್ಕಿದ್ದರೆ 1945ರ ನಂತರ ಮೊದಲ ಬಾರಿ ವರ್ಲ್ಡ್ ಸೀರೀಸ್. ಗ್ಯಾಲರಿಯಲ್ಲಿದ್ದ ಒಬ್ಬ ಅಭಿಮಾನಿಯ ಕೈ ಚೆಂಡಿಗೆ ತಾಗಿತು, ಆಮೇಲೆ ಸುಲಭದ ಚೆಂಡೊಂದು ಫೀಲ್ಡರ್ ಕೈಯಿಂದ ಜಾರಿತು, ಎಂಟು ರನ್ ಹರಿದವು. ಪ್ರಯರ್ ಆ ರಾತ್ರಿ 119 ಎಸೆತ ಎಸೆದಿದ್ದ. ದೊಡ್ಡ ಲೀಗ್‌ನಲ್ಲಿ ಅವನ ಕೊನೆಯ ಪಂದ್ಯ 2006ರ ಆಗಸ್ಟ್. ವಯಸ್ಸು 25.

ಆ ಅಕ್ಟೋಬರೇ ಅವನ ತೋಳನ್ನು ತಿಂದಿತು ಅನ್ನುವುದು ಈಗ ಗಾದೆಯಂತಾಗಿದೆ. ಆದರೆ 2003ರಲ್ಲಿ ಆತ ಓಡುವಾಗ ಇನ್ನೊಬ್ಬ ಆಟಗಾರನಿಗೆ ಢಿಕ್ಕಿ ಹೊಡೆದು ಭುಜ ಪೆಟ್ಟು ಮಾಡಿಕೊಂಡಿದ್ದ. 2005ರಲ್ಲಿ ಬ್ಯಾಟ್‌ನಿಂದ ಸಿಡಿದ ಚೆಂಡು ಮೊಣಕೈಗೇ ಬಡಿದಿತ್ತು. ಯಾವುದನ್ನು ಎಣಿಸಬೇಕು? ಅದೇ 2003ರ ಅಕ್ಟೋಬರ್‌ನಲ್ಲಿ 23ರ ಜಾಶ್ ಬೆಕೆಟ್ ಬರೀ ಮೂರು ದಿನ ಬಿಡುವು ಪಡೆದು ಯಾಂಕೀ ಸ್ಟೇಡಿಯಂನಲ್ಲಿ ಒಂಬತ್ತೂ ಇನ್ನಿಂಗ್ಸ್ ಎಸೆದ, ಒಂದು ರನ್ನೂ ಬಿಡದೆ ಕಪ್ ಗೆದ್ದುಕೊಟ್ಟ, ಮುಂದೆ ಹತ್ತು ವರ್ಷದ ಮೇಲೂ ಆಡಿದ.

ಆಮೇಲೆ ನಿಯಮಗಳ ಕಾಲ. 25ರ ಒಳಗಿನ ಪಿಚರ್‌ಗೆ ಹಿಂದಿನ ವರ್ಷಕ್ಕಿಂತ 30 ಇನ್ನಿಂಗ್ಸ್ ಜಾಸ್ತಿ ಕೊಡಬಾರದು ಅನ್ನುವ ಒಂದು ಲೆಕ್ಕ ಮನೆಮಾತಾಯಿತು. ಅಂಕಿ-ಅಂಶದವರು ಆಮೇಲೆ ಕೆದಕಿ ನೋಡಿದಾಗ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ, ಆದರೆ ಅಷ್ಟರಲ್ಲಿ ಅದು ಎಲ್ಲರ ಬಾಯಲ್ಲಿತ್ತು. 2007ರಲ್ಲಿ ಯಾಂಕೀಸ್ ತಮ್ಮ ಹುಡುಗ ಜೋಬಾ ಚೇಂಬರ್ಲಿನ್‌ಗೆ ಇಷ್ಟು ಎಸೆದರೆ ಇಷ್ಟು ದಿನ ಬಿಡುವು ಅಂತ ಪಟ್ಟಿಯನ್ನೇ ಮಾಡಿತು. ಕ್ಲೀವ್‌ಲೆಂಡ್‌ನ ಪ್ಲೇಆಫ್ ಪಂದ್ಯದಲ್ಲಿ ಅವನನ್ನು ಕೆಡಿಸಿದ್ದು ಕೆರೆ ಕಡೆಯಿಂದ ಬಂದು ಕತ್ತು, ಮುಖಕ್ಕೆಲ್ಲ ಮುತ್ತಿಕೊಂಡ ನುಸಿಗಳು. ಪಟ್ಟಿಯಲ್ಲಿ ನುಸಿ ಇರಲಿಲ್ಲ.

ಈಗ 2012. ಈ ವಾದವೆಲ್ಲ ಒಂದೇ ತೋಳಿನ ಮೇಲೆ ಬಂದು ನಿಂತ ವರ್ಷ.

ವಾಷಿಂಗ್ಟನ್ ನ್ಯಾಷನಲ್ಸ್ 2008, 2009 ಎರಡೂ ವರ್ಷ ನೂರಕ್ಕಿಂತ ಜಾಸ್ತಿ ಪಂದ್ಯ ಸೋತ ತಂಡ. ಸೋತಿದ್ದಕ್ಕೆ ಸಿಕ್ಕ ಬಹುಮಾನ, ಹೊಸ ಆಟಗಾರರನ್ನು ಆರಿಸಿಕೊಳ್ಳುವ 2009ರ ಡ್ರಾಫ್ಟ್‌ನ ಮೊದಲ ಆಯ್ಕೆ ಸ್ಟೀಫನ್ ಸ್ಟ್ರಾಸ್‌ಬರ್ಗ್. 2010ರ ಜೂನ್ 8ರ ಮೊದಲ ಪಂದ್ಯದಲ್ಲೇ 14 ಸ್ಟ್ರೈಕ್‌ಔಟ್. ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ಎಸೆತ ಹಾಕಿ ಮುಖ ಕಿವುಚಿ ಕೈ ಕೊಡವಿದ. ಅಷ್ಟೇ. ಟಾಮಿ ಜಾನ್ ಶಸ್ತ್ರಚಿಕಿತ್ಸೆ, ಒಂದು ವರ್ಷ ವನವಾಸ.

2012 ಅವನಿಗೆ ವಾಪಸ್ ಬಂದ ಮೇಲಿನ ಮೊದಲ ಪೂರ್ತಿ ವರ್ಷ. ಜನರಲ್ ಮ್ಯಾನೇಜರ್ ಮೈಕ್ ರಿಜ಼ೊ ಮೊದಲೇ ಹೇಳಿದ್ದರು, ಇನ್ನಿಂಗ್ಸ್‌ಗೆ ಮಿತಿ ಇರುತ್ತದೆ, ಮುಟ್ಟಿದ ದಿನ ನಿಲ್ಲಿಸುತ್ತೇವೆ. ಸುಮಾರು 160 ಅಂತ ಎಲ್ಲರ ಅಂದಾಜು. ಹಿಂದಿನ ವರ್ಷ ಇದೇ ಶಸ್ತ್ರಚಿಕಿತ್ಸೆಯಿಂದ ಬಂದ ಜೋರ್ಡನ್ ಝಿಮ್ಮರ್‌ಮನ್‌ನನ್ನು 161 ಇನ್ನಿಂಗ್ಸ್‌ಗೆ ನಿಲ್ಲಿಸಿದ್ದರು, 2012ರಲ್ಲಿ ಆತ ಚೆನ್ನಾಗಿಯೇ ಎಸೆಯುತ್ತಿದ್ದ. ಹಾಗಾಗಿ ಇದು ಗಾಳಿಯಲ್ಲಿ ಹೊಳೆದ ಸಂಖ್ಯೆ ಅಲ್ಲ. ಪಂದ್ಯಗಳಲ್ಲಿ ತಂಡ ನಡೆಸುವ ಮ್ಯಾನೇಜರ್ ಡೇವಿ ಜಾನ್ಸನ್‌ಗೂ ತೋಳಿನ ಬೆಲೆ ಗೊತ್ತಿತ್ತು. 1985ರಲ್ಲಿ ಮೆಟ್ಸ್ ತಂಡದ 20 ವರ್ಷದ ಡ್ವೈಟ್ ಗುಡನ್ 276 ಇನ್ನಿಂಗ್ಸ್ ಎಸೆದಾಗ ಆ ತಂಡದ ಮ್ಯಾನೇಜರ್ ಇವರೇ. ಗುಡನ್ ಮತ್ತೆಂದೂ ಆ ಎತ್ತರಕ್ಕೆ ಹೋಗಲಿಲ್ಲ. ಅದಕ್ಕೆ ಕಾರಣ ತೋಳೊಂದೇ ಅಲ್ಲ, ಆ ಮಾತು ಬೇರೆ.

ಯಾರೂ ಎಣಿಸದೇ ಹೋಗಿದ್ದು ಒಂದೇ, ತಂಡ ಗೆಲ್ಲಬಹುದು ಅನ್ನುವುದು. ನ್ಯಾಷನಲ್ಸ್ ಗೆಲ್ಲುತ್ತಾ ಹೋಯಿತು. ಕೊನೆಗೆ 98 ಗೆಲುವು, ಇಡೀ ಲೀಗ್‌ನಲ್ಲೇ ಜಾಸ್ತಿ. ವಾಷಿಂಗ್ಟನ್ ನಗರ 1933ರ ನಂತರ ಅಕ್ಟೋಬರ್ ಬೇಸ್‌ಬಾಲ್ ಕಂಡಿರಲಿಲ್ಲ. ಆಗ ಶುರುವಾಯಿತು ನೋಡಿ ಸಲಹೆಗಳ ಸುರಿಮಳೆ. ಮೇ ತಿಂಗಳಲ್ಲಿ ಶುರುಮಾಡಿಸಬಹುದಿತ್ತು. ಮಧ್ಯದಲ್ಲಿ ಒಂದೊಂದು ಸರದಿ ತಪ್ಪಿಸಬಹುದಿತ್ತು. ಆಗಸ್ಟ್‌ನಲ್ಲಿ ಮೂರು ವಾರ ಕೂರಿಸಬಹುದಿತ್ತು. ತಂಡದ ಉತ್ತರ, ನಿಲ್ಲಿಸಿ ಮತ್ತೆ ಶುರುಮಾಡಿದರೆ ತೋಳಿಗೆ ಇನ್ನೂ ಅಪಾಯ, ಒಂದೇ ಲಯದಲ್ಲಿ ಹೋಗಬೇಕು. ವೈದ್ಯರ ಮಾತು ಅದರ ಹಿಂದಿತ್ತು. ಆದರೆ ಏಪ್ರಿಲ್‌ನ ಒಂದು ತಣ್ಣನೆಯ ಸಂಜೆಯ ಇನ್ನಿಂಗ್ಸ್‌ಗೂ ಅಕ್ಟೋಬರ್‌ನ ಇನ್ನಿಂಗ್ಸ್‌ಗೂ ಒಂದೇ ಬೆಲೆ ಕಟ್ಟುವ ಪಟ್ಟಿ ಅದು. ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಬೇಕು ಅಂತ ಒಂದು ಡಬ್ಬಿ ತುಪ್ಪ ಎತ್ತಿಡುತ್ತಾರಲ್ವಾ, ಆ ಲೆಕ್ಕ ಅಲ್ಲಿರಲಿಲ್ಲ.

ಸೆಪ್ಟೆಂಬರ್ 7ರಂದು ಸ್ಟ್ರಾಸ್‌ಬರ್ಗ್ ಮಾರ್ಲಿನ್ಸ್ ವಿರುದ್ಧ ಮೂರೇ ಇನ್ನಿಂಗ್ಸ್‌ನಲ್ಲಿ ಐದು ರನ್ ಬಿಟ್ಟ. ಇನ್ನೊಂದು ಸರದಿ ಬಾಕಿ ಇತ್ತು. ಮರುದಿನ ಜಾನ್ಸನ್, ಇವತ್ತಿಗೇ ಮುಗಿಯಿತು ಅಂದರು. ಸುತ್ತಲಿನ ಗದ್ದಲಕ್ಕೆ ಹುಡುಗನ ಮನಸ್ಸೂ ದಣಿದಿದೆ ಅನ್ನುವುದು ಅವರ ಕಾರಣ. 159 ಇನ್ನಿಂಗ್ಸ್ ಮತ್ತು ಒಂದು ಔಟ್, 15 ಗೆಲುವು, 197 ಸ್ಟ್ರೈಕ್‌ಔಟ್. ತೋಳಿನಲ್ಲಿ ನೋವಿಲ್ಲ. ಆಡಬೇಕು ಅಂತ ಆತ ಬಾಯಿಬಿಟ್ಟೇ ಹೇಳಿದ್ದ. ಅವನ ಮಾತು ಪಟ್ಟಿಯ ಯಾವ ಕಾಲಂನಲ್ಲೂ ಹಿಡಿಸುವಂತಿರಲಿಲ್ಲ.

ಪ್ಲೇಆಫ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎದುರಾಯಿತು. ಸ್ಟ್ರಾಸ್‌ಬರ್ಗ್ ಜಾಗಕ್ಕೆ ಬಂದ ರಾಸ್ ಡೆಟ್‌ವೈಲರ್ ನಾಲ್ಕನೇ ಪಂದ್ಯದಲ್ಲಿ ಆರು ಇನ್ನಿಂಗ್ಸ್ ಅದ್ಭುತವಾಗಿ ಎಸೆದ, ತಂಡ 2-1ರಿಂದ ಗೆದ್ದಿತು. ಐದನೇ ಪಂದ್ಯದಲ್ಲಿ 6-0 ಮುಂದಿದ್ದ ನ್ಯಾಷನಲ್ಸ್ 9-7ರಿಂದ ಸೋತಿತು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಗೆಲುವಿಗೆ ಒಂದೇ ಒಂದು ಸ್ಟ್ರೈಕ್ ಸಾಕು ಅನ್ನುವ ಘಟ್ಟ ಒಂದಲ್ಲ, ಮತ್ತೆ ಮತ್ತೆ ಬಂದು ಹೋಯಿತು. ಸೋತಿದ್ದು ಕೊನೆಯಲ್ಲಿ ಬಂದ ಪಿಚರ್‌ಗಳ ಕೈಯಲ್ಲಿ, ಸ್ಟ್ರಾಸ್‌ಬರ್ಗ್ ಇದ್ದಿದ್ದರೂ ಆ ಹೊತ್ತಿಗೆ ಎಸೆಯುತ್ತಿರಲಿಲ್ಲ. ಆದರೂ "ಅವನಿದ್ದಿದ್ದರೆ ಐದನೇ ಪಂದ್ಯವೇ ಬರುತ್ತಿರಲಿಲ್ಲ" ಅನ್ನುವವರ ಬಾಯಿ ಮುಚ್ಚಿಸುವುದು ಹೇಗೆ?

ಅದೇ ವರ್ಷ ಅಟ್ಲಾಂಟಾ ಬ್ರೇವ್ಸ್ ಇನ್ನೊಂದು ದಾರಿ ಹಿಡಿದಿತ್ತು. ಕ್ರಿಸ್ ಮೆಡ್ಲೆನ್‌ಗೂ 2010ರಲ್ಲೇ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಿತ್ತು. ಅವನನ್ನು ಜುಲೈ ಕೊನೆಯವರೆಗೆ ಬುಲ್‌ಪೆನ್‌ನಲ್ಲಿ, ಅಂದರೆ ಪಂದ್ಯದ ಮಧ್ಯದಲ್ಲಿ ಬಂದು ಎಸೆಯುವವರ ಜೊತೆ ಇಟ್ಟು, ಆಗೊಂದು ಈಗೊಂದು ಇನ್ನಿಂಗ್ಸ್ ಕೊಟ್ಟು, ಆಮೇಲೆ ಪಂದ್ಯ ಶುರುಮಾಡಿಸಿದರು. ತುಪ್ಪದ ಡಬ್ಬಿ ಉಪಾಯ ಅಂದರೆ ಇದೇ. 10 ಗೆಲುವು, ಒಂದು ಸೋಲು, ಅಕ್ಟೋಬರ್‌ಗೆ ತಾಜಾ ತೋಳು. ಪ್ಲೇಆಫ್‌ನ ಮೊದಲ ಸುತ್ತಾದ ಒಂದೇ ಪಂದ್ಯದ ವೈಲ್ಡ್ ಕಾರ್ಡ್‌ನಲ್ಲಿ ಬ್ರೇವ್ಸ್ ಸೋತು ಮನೆಗೆ ಹೋಯಿತು. ಸೋಲಿಸಿದ್ದು ಅದೇ ಕಾರ್ಡಿನಲ್ಸ್. 2014ರ ಮಾರ್ಚ್‌ನಲ್ಲಿ ಮೆಡ್ಲೆನ್‌ನ ಮೊಣಕೈಗೆ ಎರಡನೇ ಸಲ ಅದೇ ಶಸ್ತ್ರಚಿಕಿತ್ಸೆ.

2015ರಲ್ಲಿ ಸರದಿ ಮೆಟ್ಸ್‌ನ ಮ್ಯಾಟ್ ಹಾರ್ವಿಯದು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವರ್ಷ. 180 ಇನ್ನಿಂಗ್ಸ್ ಸಾಕು ಅಂತ ಅವನ ಏಜೆಂಟ್ ಕಡೆಯಿಂದ ಮಾತು ಬಂತು. ಅಭಿಮಾನಿಗಳು ಹಾರ್ವಿ ಮೇಲೇ ಹರಿಹಾಯ್ದರು. ಪ್ಲೇಆಫ್ ಸೇರಿ ಎಸೆದದ್ದು 216. ವರ್ಲ್ಡ್ ಸೀರೀಸ್ ಐದನೇ ಪಂದ್ಯದಲ್ಲಿ ಎಂಟು ಇನ್ನಿಂಗ್ಸ್ ಒಂದು ರನ್ನೂ ಬಿಡಲಿಲ್ಲ. ಇನ್ನು ಸಾಕು ಅಂದಿದ್ದಕ್ಕೆ ಆತ ನೇರ ಮ್ಯಾನೇಜರ್ ಟೆರಿ ಕಾಲಿನ್ಸ್ ಹತ್ತಿರ ಹೋಗಿ ಸಾಧ್ಯವೇ ಇಲ್ಲ ಅಂದ. ಇಡೀ ದೇಶ ಅದನ್ನು ಟಿವಿಯಲ್ಲಿ ನೋಡಿತು. ಕಾಲಿನ್ಸ್ ಮನಸ್ಸು ಕರಗಿತು. ಹಾರ್ವಿ ಮೈದಾನಕ್ಕೆ ಓಡಿದ, ಗ್ಯಾಲರಿ ಎದ್ದು ಕೂಗಿತು. ಒಂದು ವಾಕ್, ಒಂದು ಡಬಲ್ (ಎರಡನೇ ಬೇಸ್ ಮುಟ್ಟಿಸುವ ಹೊಡೆತ), 2-0 ಇದ್ದದ್ದು 2-2 ಆಗಿ, ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಸೋಲು. ಸ್ಟ್ರಾಸ್‌ಬರ್ಗ್ ಮಾತು ಕೇಳಲಿಲ್ಲ ಅಂತ ಬೈದವರೇ ಹಾರ್ವಿ ಮಾತು ಯಾಕೆ ಕೇಳಿದಿರಿ ಅಂತಲೂ ಬೈದರು. ನಾನೂ ಅವರಲ್ಲೊಬ್ಬ.

ಜಪಾನ್‌ನಲ್ಲಿ ಇದೇ ಜಗಳ ಶಾಲಾ ಹುಡುಗರದು. ಬೇಸಿಗೆಯ ಕೋಶಿಯೆನ್ ಟೂರ್ನಿಯಲ್ಲಿ 2018ರಲ್ಲಿ ಯೋಶಿದಾ ಕೋಸೆ ಒಬ್ಬನೇ 881 ಎಸೆತ ಎಸೆದಿದ್ದ. ಮರುವರ್ಷ ಇವಾತೆ ಪ್ರಾಂತ್ಯದ ಫೈನಲ್, ಗೆದ್ದರೆ ಕೋಶಿಯೆನ್. ಓಫುನಾತೊ ಶಾಲೆಯ ಸಸಾಕಿ ರೋಕಿ ಹಿಂದಿನ ದಿನ 129 ಎಸೆತ ಹಾಕಿದ್ದ. ಕೋಚ್ ಅವನನ್ನು ಬೆಂಚಿನಲ್ಲೇ ಕೂರಿಸಿದರು. ತಂಡ 12-2ರಿಂದ ಸೋತಿತು, ಶಾಲೆಗೆ ಬೈಗುಳದ ಫೋನ್‌ಗಳ ಸುರಿಮಳೆ. ಅದರ ಮುಂದಿನ ವರ್ಷದಿಂದ ವಾರಕ್ಕೆ 500 ಎಸೆತ ಅನ್ನುವ ಮಿತಿ ಬಂತು.

ಇಷ್ಟೆಲ್ಲ ಎಣಿಸಿದರೂ ಶಸ್ತ್ರಚಿಕಿತ್ಸೆಗಳು ಕಡಿಮೆಯಾಗಿಲ್ಲ. ದೊಡ್ಡ ಲೀಗ್‌ನ ಸರಾಸರಿ ವೇಗದೆಸೆತ 2008ರಲ್ಲಿ ಗಂಟೆಗೆ ಸುಮಾರು 91 ಮೈಲಿ ಇದ್ದದ್ದು ಈಗ 94 ದಾಟಿದೆ. ಕಡಿಮೆ ಎಸೆತ, ಪ್ರತಿ ಎಸೆತಕ್ಕೂ ಇದ್ದಬದ್ದ ಶಕ್ತಿ. 2024ರ ಕೊನೆಗೆ ಲೀಗ್ ತಾನೇ ಮಾಡಿಸಿದ ವರದಿಯೂ ಬೆರಳು ತೋರಿಸಿದ್ದು ಆ ಕಡೆಗೇ. ಎಣಿಸಲು ಸುಲಭವಾದದ್ದನ್ನು ಇಷ್ಟು ವರ್ಷ ಎಣಿಸಿದ್ದಾಯಿತು. ನಮ್ಮಲ್ಲೂ ಹಾಗೇ ಅಲ್ವಾ? 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಅಂತ ಮೊದಲೇ ಹೇಳಿದರು, ಸರಣಿ ಮುಗಿಯುವವರೆಗೂ ಅದೇ ಮಾತು. ಭಾರತ ಗೆದ್ದ ಎರಡೂ ಟೆಸ್ಟ್‌ನಲ್ಲಿ ಆತ ಆಡಿರಲಿಲ್ಲ.

ಸ್ಟ್ರಾಸ್‌ಬರ್ಗ್ 2019ರ ಪ್ಲೇಆಫ್‌ನಲ್ಲಿ ಐದು ಪಂದ್ಯ ಗೆದ್ದು ನ್ಯಾಷನಲ್ಸ್‌ಗೆ ಕಪ್ ತಂದ, ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರನಾದ. ಕೂಡಲೇ 24.5 ಕೋಟಿ ಡಾಲರ್ ಒಪ್ಪಂದ. ಆಮೇಲೆ ಆತ ಶುರುಮಾಡಿದ್ದು ಎಂಟೇ ಪಂದ್ಯ. 2012ರಲ್ಲಿ ಕೂರಿಸಿದ್ದರಿಂದಲೇ 2019 ಸಿಕ್ಕಿತು ಅನ್ನುವವರಿಗೂ, ಕೂರಿಸಿದರೂ ತೋಳು ಉಳಿಯಲಿಲ್ಲ ಅನ್ನುವವರಿಗೂ ಇದೇ ಸಾಕ್ಷಿ.

ಇನ್ನು ಯೆಸಾವೇಜ್. 104 ಎಸೆತ ಹಾಕಿದ ಮೂರನೇ ದಿನಕ್ಕೆ, ಏಳನೇ ಪಂದ್ಯದಲ್ಲಿ, ಬುಲ್‌ಪೆನ್‌ನಿಂದ ಮತ್ತೆ ಬಂದ. ಎಂಟನೇ ಇನ್ನಿಂಗ್ಸ್‌ನಲ್ಲಿ ಮ್ಯಾಕ್ಸ್ ಮನ್ಸಿ ಅವನ ಎಸೆತವನ್ನು ಹೋಮ್ ರನ್ ಹೊಡೆದ. ಡಾಡ್ಜರ್ಸ್ ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ 5-4ರಿಂದ ಕಪ್ ಗೆದ್ದಿತು. ಶಾಲೆಯ ಫೈನಲ್‌ನಲ್ಲಿ ಬೆಂಚಿನಲ್ಲಿ ಕೂತಿದ್ದ ಸಸಾಕಿಗೆ ಆಗ 23. ವರ್ಷದ ಅರ್ಧ ಭುಜದ ನೋವಿನಲ್ಲಿ ಕಳೆದು, ಆ ಅಕ್ಟೋಬರ್‌ನಲ್ಲಿ ಡಾಡ್ಜರ್ಸ್ ಪರ ಕೊನೆಯ ಇನ್ನಿಂಗ್ಸ್‌ಗಳಿಗೆ ಬರುತ್ತಿದ್ದ. ಆ ತಂಡದ ಪಿಚಿಂಗ್ ಕೋಚ್‌ನ ಹೆಸರು ಮಾರ್ಕ್ ಪ್ರಯರ್.