ಓಆರ್‌ಎಫ್ ಅಂದ್ರೇನು? ಒಂದು ನಿಮಿಷದಲ್ಲಿ ಮಗುವಿನ ಓದು ಅಳೆಯೋ ಲೆಕ್ಕ

ಈಗೀಗ ಪೇರೆಂಟ್ಸ್ ಮೀಟಿಂಗಲ್ಲಿ "ನಿಮ್ಮ ಮಗುದು ಓಆರ್‌ಎಫ್ ಸ್ವಲ್ಪ ಕಮ್ಮಿ ಇದೆ" ಅನ್ನೋ ಮಾತು ಕೇಳಿಬರತ್ತೆ, ಸುಮಾರು ಜನ ಅದೇನೋ ಕಾಯಿಲೆ ಹೆಸರು ಅನ್ನೋ ಹಾಗೆ ಮುಖ ಮಾಡ್ತಾರೆ. ಓರಲ್ ರೀಡಿಂಗ್ ಫ್ಲುಯೆನ್ಸಿ ಅನ್ನೋದರ ಶಾರ್ಟ್ ಫಾರ್ಮ್ ಅಷ್ಟೆ. ಮಗು ಮೊದಲು ನೋಡಿರದ ಒಂದು ಪುಟ್ಟ ಪ್ಯಾರಾನ ಜೋರಾಗಿ ಓದಿಸಿ, ಒಂದು ನಿಮಿಷದಲ್ಲಿ ಎಷ್ಟು ಪದ ಸರಿಯಾಗಿ ಓದ್ತು ಅಂತ ಎಣಿಸೋದು. "ಮೊದಲು ನೋಡಿರದ" ಅನ್ನೋದು ಇಲ್ಲಿ ಮುಖ್ಯ, ಯಾಕಂದ್ರೆ ಪಠ್ಯಪುಸ್ತಕದ ಪಾಠ ಕೊಟ್ರೆ ಅರ್ಧ ಮಕ್ಕಳು ಪುಸ್ತಕ ತಲೆಕೆಳಗೆ ಹಿಡಿದೂ ಓದಿಬಿಡ್ತಾರೆ, ಅದು ಬಾಯಿಪಾಠ.

ಐಡಿಯಾ ಹಳೇದೇ. ಅಮೆರಿಕದ ಮಿನೆಸೋಟಾ ಯೂನಿವರ್ಸಿಟಿಯಲ್ಲಿ ಸ್ಟ್ಯಾನ್ಲಿ ಡೆನೋ ಅನ್ನೋರು ಮತ್ತೆ ಅವರ ಜೊತೆಯವರು ಈ ಥರದ ಒಂದು ನಿಮಿಷದ ಅಳತೆ ಶುರು ಮಾಡಿದ್ರು, ಆಮೇಲೆ 2006ರ ಹೊತ್ತಿಗೆ ಬಡ ದೇಶಗಳ ಶಾಲೆಗಳಿಗಂತ 'ಎಗ್ರಾ' ಅನ್ನೋ ಟೆಸ್ಟ್ ಬಂತು, ಅದರಲ್ಲೂ ಇದೊಂದು ಭಾಗ. ನಮ್ಮಲ್ಲಿ ಇದು ಮೇಷ್ಟ್ರುಗಳ ಬಾಯಿಗೆ ಬಂದಿದ್ದು 2021ರ ಜುಲೈನಲ್ಲಿ ಶುರುವಾದ ನಿಪುಣ್ ಭಾರತ್‌ನಿಂದ, ಅಂದ್ರೆ ಚಿಕ್ಕ ಕ್ಲಾಸಿನ ಮಕ್ಕಳಿಗೆ ಓದು, ಲೆಕ್ಕ ಬರೋ ಹಾಗೆ ಮಾಡೋ ಕೇಂದ್ರ ಸರ್ಕಾರದ ಯೋಜನೆಯಿಂದ. ಎರಡನೇ ಕ್ಲಾಸು ಮುಗಿಯೋ ಹೊತ್ತಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೇ ಕ್ಲಾಸಿಗೆ ಕನಿಷ್ಠ 60 ಪದ, ಅದೂ ಅರ್ಥ ಮಾಡ್ಕೊಂಡು, ಅಂತ ಅದರ ಗುರಿ.

ವೇಗ ಯಾಕೆ ಅಳೀಬೇಕು, ನಿಧಾನಕ್ಕೆ ಓದಿದ್ರೆ ಏನಾಯ್ತು ಅಂತ ಕೇಳ್ಬಹುದು. ಮಗು "ಸಂ... ತೆ... ಗೆ..." ಅಂತ ಒಂದೊಂದೇ ಅಕ್ಷರ ಕೂಡಿಸ್ತಾ ಇದ್ರೆ ತಲೆಯ ಶಕ್ತಿಯೆಲ್ಲಾ ಕೂಡಿಸೋದಕ್ಕೇ ಖರ್ಚಾಗತ್ತೆ, ಸಾಲಿನ ಕೊನೆಗೆ ಬರೋ ಹೊತ್ತಿಗೆ ಸಂತೆಗೆ ಹೋದೋರು ಯಾರು ಅನ್ನೋದೇ ಮರೆತುಹೋಗಿರತ್ತೆ. ಪದ ಕಣ್ಣಿಗೆ ಬಿದ್ದ ತಕ್ಷಣ ಗುರುತು ಸಿಕ್ಕಿದ್ರೆ ಮನಸ್ಸು ಕಥೆ ಕಡೆ ಹೋಗತ್ತೆ. ಅದಕ್ಕೇ ಓದಿ ಆದ್ಮೇಲೆ ನಾಲ್ಕೈದು ಪ್ರಶ್ನೆ ಕೇಳೋದು, ಆ ಪ್ರಶ್ನೆ ಬಿಟ್ಟು ಬರೀ ನಂಬರ್ ಬರ್ಕೊಂಡು ಹೋದ್ರೆ ಆ ಟೆಸ್ಟಿಗೆ ಅರ್ಥ ಇಲ್ಲ ಅಂತ ನನ್ನ ಅಭಿಪ್ರಾಯ.

ಮಾಡೋ ರೀತಿ ಹೀಗೆ. ಮಗುವಿನ ಕೈಲಿ ಒಂದು ಹಾಳೆ, ಟೀಚರ್ ಕೈಲಿ ಅದೇ ಹಾಳೆ, ಪಕ್ಕದಲ್ಲಿ ಮೊಬೈಲ್ ಟೈಮರ್. ಉದಾಹರಣೆಗೆ, "ರವಿ ಅಜ್ಜಿಯ ಜೊತೆ ಸಂತೆಗೆ ಹೋದನು. ಅಲ್ಲಿ ಬಣ್ಣದ ಬಲೂನು ನೋಡಿದನು." ಮಗು 'ಬಣ್ಣದ' ಅನ್ನೋದನ್ನ 'ಬಣದ' ಅಂದ್ರೆ ಟೀಚರ್ ಆ ಪದದ ಮೇಲೆ ಸುಮ್ನೆ ಒಂದು ಗೆರೆ ಎಳೀತಾರೆ, ತಿದ್ದಲ್ಲ. 'ಸತೆಗೆ' ಅಂದು ತಾನೇ ಎಚ್ಚೆತ್ತು 'ಸಂತೆಗೆ' ಅಂದ್ರೆ ಅದು ಸರಿ ಲೆಕ್ಕ. ಒಂದೇ ಪದ ಎರಡು ಸಲ ಓದಿದ್ರೂ ತಪ್ಪಲ್ಲ. ಪದ ಹಾರಿಸಿದ್ರೆ ತಪ್ಪು, ಮೂರು ಸೆಕೆಂಡ್ ತಡವರಿಸಿ ನಿಂತ್ರೆ ಮುಂದಕ್ಕೆ ಕರ್ಕೊಂಡು ಹೋಗೋದು, ಅದೂ ತಪ್ಪಿಗೇ ಸೇರತ್ತೆ. ನಿಮಿಷ ಮುಗಿದಾಗ 38ನೇ ಪದಕ್ಕೆ ಬಂದಿದ್ದು 5 ತಪ್ಪಿದ್ರೆ ಓಆರ್‌ಎಫ್ 33. ಚುರುಕಿನ ಮಗು 40 ಪದದ ಪ್ಯಾರಾನ 48 ಸೆಕೆಂಡಿಗೇ ಮುಗಿಸಿ 4 ತಪ್ಪು ಮಾಡಿದ್ರೆ, 36ನ್ನ 48ರಿಂದ ಭಾಗಿಸಿ 60ರಿಂದ ಗುಣಿಸಿ, 45 ಬರತ್ತೆ.

ಉಚ್ಚಾರದ ವಿಷಯಕ್ಕೆ ಹುಷಾರು. ಮನೇಲಿ 'ಆಲು' 'ಅಳ್ಳಿ' ಅಂತ ಮಾತಾಡೋ ಮಗು ಪುಸ್ತಕದ 'ಹಾಲು' 'ಹಳ್ಳಿ'ನೂ ಹಾಗೇ ಓದಿದ್ರೆ ಅದನ್ನ ತಪ್ಪು ಅಂತ ಹಾಕಬಾರ್ದು, ಅದು ಊರಿನ ಮಾತು, ಮಗು ಪದ ಗುರುತಿಸಿದೆ. ಎಷ್ಟೋ ಕಡೆ ಇದಕ್ಕೇ ಮಾರ್ಕ್ಸ್ ಕಟ್ ಆಗತ್ತೆ, ನೋಡಿದ್ರೆ ಸಿಟ್ಟು ಬರತ್ತೆ.

ಇನ್ನು ಕನ್ನಡದ ತೊಡಕು ಬೇರೇನೇ ಇದೆ. ಹಿಂದೀಲಿ 'ಮೈ ಘರ್ ಮೇ ಥಾ' ಅಂದ್ರೆ ನಾಲ್ಕು ಪದ, ನಾವು 'ಮನೆಯಲ್ಲಿದ್ದೆ' ಅಂತ ಒಂದೇ ಪದದಲ್ಲಿ ಮುಗಿಸ್ತೀವಿ, ಹಾಗಾಗಿ ಹಿಂದಿಯ 60ನ್ನೂ ಕನ್ನಡದ 60ನ್ನೂ ಪಕ್ಕಪಕ್ಕ ಇಟ್ಟು ನಮ್ಮ ಮಕ್ಕಳು ಹಿಂದೆ ಅನ್ನೋದು ತಪ್ಪು. 2022ರಲ್ಲಿ ಎನ್‌ಸಿಇಆರ್‌ಟಿ ಮೂರನೇ ಕ್ಲಾಸಿನ ಮಕ್ಕಳ ಮೇಲೆ 20 ಭಾಷೆಗಳಲ್ಲಿ ಸರ್ವೆ ಮಾಡಿದಾಗ ಒಂದೊಂದು ಭಾಷೆಗೆ ಬೇರೆ ಬೇರೆ ಮಟ್ಟ ಗೊತ್ತುಮಾಡಿದ್ದು ಅದಕ್ಕೇ. ಅದರ ಮೇಲೆ ಕಾಗುಣಿತ, ಒತ್ತಕ್ಷರ ಬೇರೆ. 'ಸೂರ್ಯ'ದ ಅರ್ಕಾವೊತ್ತು ನೋಡಿ, ಮೊದಲು ಹೇಳ್ಬೇಕಾದ 'ರ್' ಸದ್ದನ್ನ ಆಮೇಲೆ ಬರೀತೀವಿ, ಮಗು ಮುಗ್ಗರಿಸದೇ ಇನ್ನೇನು ಮಾಡತ್ತೆ. ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡೋ ಸೋನಾಲಿ ನಾಗ್ ಅವರು ಕನ್ನಡ ಕಲಿಯೋ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲೂ, ಇಂಗ್ಲಿಷ್ ಅಕ್ಷರದ ಹಾಗೆ ಒಂದೆರಡು ವರ್ಷಕ್ಕೆ ಮುಗಿಯಲ್ಲ, ನಮ್ಮ ಅಕ್ಷರಗಳ ಮೇಲೆ ಹಿಡಿತ ಬರೋಕೆ ಜಾಸ್ತಿ ವರ್ಷ ಹಿಡಿಯತ್ತೆ ಅಂತ ಕಂಡುಬಂದಿದೆ.

ಅಸರ್ ಸರ್ವೆನ ಇದರ ಜೊತೆ ಕಲಸಿಕೊಳ್ಬೇಡಿ. ಪ್ರಥಮ್ ಸಂಸ್ಥೆ 2005ರಿಂದ ಮಾಡ್ತಾ ಇರೋ ಅದರಲ್ಲಿ ಟೈಮರ್ ಇರಲ್ಲ, ಅಕ್ಷರ, ಪದ, ಒಂದನೇ ಕ್ಲಾಸಿನ ಪ್ಯಾರಾ, ಎರಡನೇ ಕ್ಲಾಸಿನ ಕಥೆ, ಇದರಲ್ಲಿ ಮಗು ಯಾವ ಮೆಟ್ಟಿಲ ತನಕ ಹತ್ತತ್ತೆ ಅಂತ ಮನೆಮನೆಗೆ ಹೋಗಿ ನೋಡ್ತಾರೆ. ನಿಧಾನಕ್ಕೆ ಓದಿದ್ರೂ ಪರ್ವಾಗಿಲ್ಲ, ವಾಕ್ಯದ ಹಾಗೆ ಓದ್ಬೇಕು, ಮೂರು ತಪ್ಪಿನ ತನಕ ಮಾಫಿ.

ಓಆರ್‌ಎಫ್‌ನಲ್ಲಿ ಮೊದಲ ಸಾಲಿನ ಒಂದು ಪದನೂ ಬರದ ಮಗುಗೆ ಅಲ್ಲೇ ನಿಲ್ಲಿಸಿಬಿಡ್ಬೇಕು, ನಿಮಿಷ ಪೂರ್ತಿ ಹಿಂಸೆ ಕೊಡಬಾರ್ದು. ಸೊನ್ನೆ ಬಂದ ಮಗುಗೆ ಪ್ಯಾರಾ ಮತ್ತೆ ಮತ್ತೆ ಓದಿಸೋದ್ರಿಂದ ಪ್ರಯೋಜನ ಇಲ್ಲ, ಎಲ್ಲಿ ಸಿಕ್ಕಿಹಾಕ್ಕೊಂಡಿದೆ ನೋಡ್ಬೇಕು, ಅಕ್ಷರವೇ ಗೊತ್ತಿಲ್ವಾ, ಕಾಗುಣಿತನಾ, ಇಲ್ಲಾ ಒತ್ತಾ ಅಂತ. ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ಕ್ಲಾಸುಗಳಲ್ಲಿ ಆಟ-ಚಟುವಟಿಕೆ ಮೂಲಕ ಕಲಿಸೋ ನಲಿಕಲಿಯಲ್ಲಿ ಅಆಇಈ ಬದಲು ರ ಗ ಸ ದ ಅ ಇಂದ ಶುರು ಮಾಡೋದು ಇಲ್ಲಿ ಕೆಲಸಕ್ಕೆ ಬರತ್ತೆ, ಆ ಐದೇ ಅಕ್ಷರದಲ್ಲಿ ಸರ, ದರ, ಅಗಸ, ಅರಸ, ಗರಗಸ ಅಂತ ಒತ್ತು ದೀರ್ಘ ಏನೂ ಇಲ್ದೆ ಪದಗಳನ್ನೇ ಓದಿಸ್ಬಹುದು. ಅವು ತಡವರಿಸದೆ ಬರೋಕೆ ಶುರುವಾದ್ಮೇಲೆ ಪ್ಯಾರಾ ಹಾಳೆ ಮತ್ತೆ ತೆಗೆದ್ರಾಯ್ತು.